ಅಳಿಯನ ಸೈಕಲ್ಲು, ನನ್ನ ಏಕಾದಶಿ

ಆಗ ನನಗೆ ಎಪ್ಪತ್ತೆರಡು. ಅದಾಗಿ ಮೂರು ವರ್ಷವಾಯಿತು. ಈಗ ಎಷ್ಟು ಅಂತ ನೀವೇ ಕೂಡಿಕೊಳ್ಳಿ, ನನಗೆ ಸಾಕಾಗಿದೆ.

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ತುಳಸಿ ಗಿಡವಿದೆ. ಅದಕ್ಕೆ ನಾನು ನೀರು ಹಾಕುವುದು ಸೈಕಲ್ ಬಾಟಲಿಯಿಂದ. ಮೂತಿ ಇರುವ ಪ್ಲಾಸ್ಟಿಕ್ ಬಾಟಲಿ. ಅಮುಕಿದರೆ ಚುಯ್ ಅಂತ ನೀರು ಬರುತ್ತದೆ. ಮೊದಲು ತಂಬಿಗೆಯಲ್ಲಿ ಹಾಕುತ್ತಿದ್ದೆ. ಕೈ ನಡುಗಿ ಅರ್ಧ ನೀರು ಕೆಳಗಿನ ಮನೆಯವರ ಬಟ್ಟೆ ಮೇಲೆ ಬೀಳುತ್ತಿತ್ತು. ಆ ಮನೆಯಾಕೆ ಕತ್ತೆತ್ತಿ ತಮಿಳಿನಲ್ಲಿ ಬೈಯುತ್ತಿದ್ದಳು, ನಾನು ಕೇಳಿಸದ ಹಾಗೆ ನಿಂತಿರುತ್ತಿದ್ದೆ. ಈಗ ಆ ಗಲಾಟೆ ಇಲ್ಲ. ಮೊಮ್ಮಗಳು ಮಾತ್ರ ನಗುತ್ತಾಳೆ. "ಪಾಟಿ, ತುಳಸಿ ಎನ್ನ ರೇಸುಕ್ಕು ಪೋಗುದಾ?" ಅನ್ನುತ್ತಾಳೆ, ಅಜ್ಜೀ, ತುಳಸಿ ಏನು ರೇಸಿಗೆ ಹೋಗುತ್ತದಾ ಅಂತ. ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಳೂ ಬದಲಾಯಿಸುವುದಿಲ್ಲ, ನಾನೂ ಬದಲಾಯಿಸುವುದಿಲ್ಲ.

ಆ ಬಾಟಲಿ ಫ್ರಾನ್ಸಿಗೆ ಹೋಗಿ ಬಂದದ್ದು. ಅದರ ಜೊತೆ ನಾನೂ ಹೋಗಿ ಬಂದೆ. ಫ್ರಾನ್ಸ್ ಹೇಗಿದೆ ಅಂತ ಮಠದಲ್ಲಿ ಹೆಂಗಸರು ಕೇಳುತ್ತಾರೆ. ಬರೀ ತಿರುವು ಅನ್ನುತ್ತೇನೆ. ನಾನು ಕಂಡದ್ದು ಅಷ್ಟೇ. ದೊಡ್ಡ ಊರು ನೋಡಲಿಲ್ಲ, ಪೇಟೆ ನೋಡಲಿಲ್ಲ. ಒಂದು ವ್ಯಾನಿನ ಮುಂದಿನ ಸೀಟಿನಲ್ಲಿ ಮೊಸರನ್ನದ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು, ಅಳಿಯನ ಸೈಕಲ್ಲಿನ ಹಿಂದೆ ಹಿಂದೆ ಗುಡ್ಡ ಹತ್ತಿದೆ, ಗುಡ್ಡ ಇಳಿದೆ.

ಅಳಿಯನ ಹೆಸರು ಗುರುರಾಜ. ಆವರೆಗೆ ಬಾಯಲ್ಲಿ ನಾನು ಹೆಸರು ಹಿಡಿದವಳಲ್ಲ, ಬರೆಯುವಾಗ ಬೇರೆ ದಾರಿಯಿಲ್ಲ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ರಿಟೈರ್ ಆದವರು. ಹನ್ನೊಂದು ವರ್ಷದಿಂದ ನಾನು ಅವರ ಮನೆಯಲ್ಲೇ ಇದ್ದೇನೆ. ನಮ್ಮ ಕೋಲಾರದ ಕಡೆ ಹಳೇ ಮನೆಗಳಲ್ಲಿ ಅತ್ತೆ ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿ ಇರಲಿಲ್ಲ. ನಾನೂ ಹಾಗೇ ನಡೆಸಿದೆ. ನಾನು ಗೋಡೆಗೆ ಹೇಳುವುದು, ಮಗಳು ಲತಾ ಅದನ್ನು ಅವರಿಗೆ ಹೇಳುವುದು. "ಊಟಕ್ಕಾಯ್ತು ಅಂತ ಹೇಳೇ." "ಹತ್ತು ನಿಮಿಷ ಅಂತ ಹೇಳು." ಮೂವರೂ ಒಂದೇ ಹಾಲಿನಲ್ಲಿ. ಫ್ಲ್ಯಾಟ್ ಇರುವುದೇ ಅಷ್ಟು, ಮರ್ಯಾದೆಗೆ ಅಂತ ಬೇರೆ ಕೋಣೆಗೆ ಹೋಗೋಣ ಅಂದರೆ ಬಚ್ಚಲೊಂದೇ ಗತಿ. ಮಗಳ ಮದುವೆಯಾಗಿ ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಜಗಳ ಅನ್ನುವುದೇ ಇಲ್ಲ. ಅದನ್ನೇ ನಾನು ಹೊಂದಾಣಿಕೆ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹುಡುಗನನ್ನು ನೋಡಲು ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಸಂಬಳ ಕೇಳಲಿಲ್ಲ. "ಏಕಾದಶಿ ಮಾಡ್ತಾನಾ?" ಅಂತ ಕೇಳಿದೆ. ಅವರಮ್ಮ "ಹೂಂ, ಮಾಡ್ತಾನೆ" ಅಂದರು. ಆಮೇಲೆ ನಾನು ಮಠದ ಸಾಲಿನಲ್ಲಿ ನಿಂತು ಎಲ್ಲರಿಗೂ ಸಾರಿದ್ದೇ ಸಾರಿದ್ದು: ನಮ್ಮ ಅಳಿಯಂದಿರು ಏಕಾದಶಿ ದಿನ ಒಂದು ಹನಿ ನೀರೂ ಮುಟ್ಟಲ್ಲ ಅಂತ. ಐವತ್ತೈದಕ್ಕೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬಾರದು ಅಂತ ಡಾಕ್ಟರು ಹೇಳಿದರಂತೆ. ಲತಾ ನನ್ನ ಹತ್ತಿರ ಬಂದು, "ಅಮ್ಮಾ, ಅವರಿಗೆ ಏಕಾದಶಿ..." ಅಂತ ಶುರು ಮಾಡಿದಳು. "ಡಾಕ್ಟರಿಗೆ ಏಕಾದಶಿ ಏನು ಗೊತ್ತು?" ಅಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಗೆದ್ದೆ ಅಂದುಕೊಂಡೆ.

ಸೈಕಲ್ಲು ಬಂದದ್ದು ಆ ಕಾಯಿಲೆಯಿಂದಲೇ. ನಡೆಯಿರಿ ಅಂದರು ಡಾಕ್ಟರು, ಇವರು ಸೈಕಲ್ ತಂದರು. ಒಂದು ಬೆರಳಿಗೆ ನೇತು ಹಾಕಬಹುದು, ಅಷ್ಟು ಹಗುರ. ನಮ್ಮ ಹಿಟ್ಟು ರುಬ್ಬುವ ಗ್ರೈಂಡರಿನ ಕಲ್ಲು ಅದಕ್ಕಿಂತ ಭಾರ. ಅದರ ಜೊತೆ ಒಂದು ಚಡ್ಡಿ ಬಂತು. ಆ ಚಡ್ಡಿ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಕಪ್ಪಗೆ, ತೊಡೆಗೆ ಬಣ್ಣ ಬಳಿದ ಹಾಗೆ ಇರುತ್ತದೆ. ಪಾಪ, ಅವರು ನನ್ನ ಕಣ್ಣಿಗೆ ಬೀಳಬಾರದು ಅಂತ ಮೇಲೊಂದು ಪಂಚೆ ಸುತ್ತಿಕೊಂಡು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಹೊರಡುತ್ತಿದ್ದರು. ಗೇಟಿನ ಹತ್ತಿರ ಪಂಚೆ ಬಿಚ್ಚಿ ವಾಚ್‌ಮ್ಯಾನ್ ಕೈಗೆ ಕೊಡುವುದು. ವಾಪಸು ಬಂದಾಗ ಅವನು ಪಂಚೆ ಹಿಡಿದುಕೊಂಡು ಕಾಯುತ್ತಿರುತ್ತಿದ್ದ. ಇಡೀ ಬೀದಿ ಆ ಚಡ್ಡಿ ನೋಡಿತ್ತು, ನಾನೊಬ್ಬಳು ಬಿಟ್ಟು.

ಅವರ ಜೊತೆಗಾರ ಶೇಷಾದ್ರಿ, ಮೈಲಾಪುರದ ಅಯ್ಯಂಗಾರ್, ಬ್ಯಾಂಕಿನಲ್ಲಿದ್ದವನು. ಅವನಿಗೆ ಬಾಯಿ ಜಾಸ್ತಿ. ಗುಡ್ಡ ಹತ್ತಬೇಕು ಅನ್ನುವ ಹುಚ್ಚು ಹಿಡಿಸಿದವನೇ ಅವನು. ಚೆನ್ನೈನಲ್ಲಿ ಗುಡ್ಡ ಎಲ್ಲಿಂದ ಬರಬೇಕು? ಇಬ್ಬರೂ ಭಾನುವಾರ ಬೆಳಗಾಗುವ ಮುಂಚೆ ಹೋಗಿ ಕತ್ತಿಪಾರ ಫ್ಲೈಓವರ್ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಒಂದು ಸಲ ಇಪ್ಪತ್ತು ಸುತ್ತು ಹೊಡೆದಾಗ ಪೊಲೀಸಿನವನು ನಿಲ್ಲಿಸಿ, "ಸಾರ್, ದಾರಿ ತಪ್ಪಿದೆಯಾ?" ಅಂತ ಕೇಳಿದನಂತೆ. ಅಳಿಯನ ಮಂಚದ ಪಕ್ಕದ ಗೋಡೆಯಲ್ಲಿ ಒಂದು ಪಟ ಅಂಟಿಸಿದ್ದರು. ಫ್ರಾನ್ಸಿನ ಯಾವುದೋ ಹಸಿರು ಗುಡ್ಡ, ಅದರ ಮೇಲೆ ದಾರದ ಹಾಗೆ ಒಂದು ರಸ್ತೆ. ಆ ಗುಡ್ಡವನ್ನು ಕಾಲು ಕೆಳಗಿಡದೆ ಒಂದೇ ಉಸಿರಿಗೆ ಹತ್ತಬೇಕು. ಆರು ವರ್ಷದಿಂದ ಅದೊಂದೇ ಆಸೆ. ನನಗೆ ಅದರಲ್ಲಿ ಏನಿದೆ ಅಂತ ತಿಳಿಯಲಿಲ್ಲ. ತಿರುಪತಿ ಬೆಟ್ಟವಾದರೆ ಮೇಲೆ ದೇವರಾದರೂ ಇದ್ದಾನೆ.

ಕೊನೆಗೆ ಇಬ್ಬರೂ ಫ್ರಾನ್ಸಿಗೆ ಹೊರಟು ನಿಂತರು. ಲತಾ ಹೋಗುವ ಹಾಗಿರಲಿಲ್ಲ, ಮೊಮ್ಮಗಳು ಆಗ ಪ್ಲಸ್ ಟೂ, ಪರೀಕ್ಷೆಯ ವರ್ಷ. ಅಳಿಯ ಹೊರಗೆ ಎಲ್ಲೂ ತಿನ್ನುವವರಲ್ಲ.

"ನೀನು ಹೋಗಿ ಬಾಮ್ಮ. ಮುಕ್ತಿನಾಥಕ್ಕೆ ಅಂತ ಮಾಡಿಸಿದ ಪಾಸ್‌ಪೋರ್ಟ್ ಸುಮ್ಮನೆ ಬಿದ್ದಿದೆ" ಅಂದಳು.

"ಮುಕ್ತಿನಾಥಕ್ಕೆ ಹೋಗದವಳು ಅಲ್ಲಿಗೆ ಹೋಗಿ ಏನು ಮಾಡಲಿ?"

"ಅನ್ನ ಮಾಡು. ಅವರ ಸಕ್ಕರೆ ನೋಡ್ಕೋ. ಯಾರಾದರೂ ಒಬ್ಬರು ನೋಡಬೇಕಲ್ಲ."

ನೋಡಿಕೊಳ್ಳುತ್ತೇನೆ ಅಂದೆ. ಪೆಟ್ಟಿಗೆ ತುಂಬಿದೆ: ಸಾರಿನ ಪುಡಿ, ಚಟ್ನಿಪುಡಿ, ಅಕ್ಕಿ, ರವೆ, ಒಗ್ಗರಣೆ ಸಾಮಾನು, ಕುಕ್ಕರು, ಎಲ್ಲದರ ಮೇಲೆ ಗೋಡೆಯಿಂದ ಕಿತ್ತ ದಿನದ ಕ್ಯಾಲೆಂಡರು. ಇಲ್ಲಿ ಕಿರಾಣಿ ಅಂಗಡಿಯವರು ಕೊಡುತ್ತಾರಲ್ಲ, ದಿನಕ್ಕೊಂದು ಹಾಳೆ ಹರಿಯುವುದು. ನನಗೆ ಓದು ಅಷ್ಟಕ್ಕಷ್ಟೇ, ಮೂರನೇ ಕ್ಲಾಸಿಗೆ ಬಿಟ್ಟವಳು. ಕನ್ನಡ ಹೇಗೋ ಬರೆಯುತ್ತೇನೆ, ತಮಿಳಿನಲ್ಲಿ ಏಕಾದಶಿ ಅಂತ ಬರೆದಿದ್ದರೆ ಆ ಆಕಾರ ಮಾತ್ರ ಕಣ್ಣಿಗೆ ಗುರುತು. ಅಷ್ಟರಲ್ಲೇ ಜೀವನ ನಡೆದಿದೆ.

ಅಲ್ಲಿ ವ್ಯಾನ್ ಓಡಿಸುವವನು ಅಂತೋನಿ. ಪುದುಚ್ಚೇರಿಯವನು, ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ಹೋಗಿ ಅಲ್ಲೇ ಮುದುಕನಾಗುತ್ತಿದ್ದಾನೆ. ಅವನ ಬಾಯಲ್ಲಿ ತಮಿಳು ಕೇಳಿ ನನಗೆ ಜೀವ ಬಂತು. ಹಳ್ಳಿಯಂಚಿನ ಒಂದು ಕಲ್ಲಿನ ಮನೆ ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ ನಾನು ಅಡುಗೆ ಮಾಡಿ ಡಬ್ಬಿ ಕಟ್ಟುವುದು, ಅವರಿಬ್ಬರೂ ಸೈಕಲ್ ಹತ್ತುವುದು, ನಾನೂ ಅಂತೋನಿಯೂ ವ್ಯಾನಿನಲ್ಲಿ ಹಿಂದೆ ಹೋಗುವುದು. ಈಗ ಪಂಚೆ ಹಿಡಿಯಲು ವಾಚ್‌ಮ್ಯಾನ್ ಇಲ್ಲ. ಮೊದಲ ದಿನ ಅಳಿಯ ಪಂಚೆ ಸುತ್ತಿಕೊಂಡೇ ಹೊರಗೆ ಬಂದು, ನಾನು ವ್ಯಾನಿನೊಳಗೆ ಆ ಕಡೆ ತಿರುಗಿ ಕೂತ ಮೇಲೆ ಬಿಚ್ಚಿದರು. ಆದರೆ ದಿನವಿಡೀ ನನ್ನ ಕಣ್ಣೆದುರಿಗೆ ಇರುವುದು ಅದೇ ಬೆನ್ನು, ಅದೇ ಚಡ್ಡಿ. ಎರಡನೇ ದಿನಕ್ಕೆ ನಾನೂ ತಿರುಗಿ ಕೂರುವುದು ಬಿಟ್ಟೆ, ಅವರೂ ಪಂಚೆ ಬಿಟ್ಟರು.

ಮಾತಿಗೆ ಲತಾ ಇಲ್ಲವಲ್ಲ, ಅಂತೋನಿಯನ್ನು ಹಿಡಿದುಕೊಂಡೆ. "ಅಂತೋನಿ, ಇನ್ನೊಂದು ಸ್ವಲ್ಪ ಅನ್ನ ಹಾಕಿಸಿಕೊಳ್ಳೋಕೆ ಹೇಳು" ಅಂತ ತಮಿಳಿನಲ್ಲಿ ಹೇಳುತ್ತಿದ್ದೆ. ಅಳಿಯ ಮೂರಡಿ ದೂರದಲ್ಲಿ ತಟ್ಟೆ ಹಿಡಿದು ಕೂತಿರುತ್ತಿದ್ದರು. ಅಂತೋನಿ ಅದನ್ನೇ ಮತ್ತೆ ತಮಿಳಿನಲ್ಲಿ ಅವರಿಗೆ ಹೇಳುತ್ತಿದ್ದ. ಅವರು ತಮಿಳಿನಲ್ಲೇ "ಸಾಕು ಅಂತ ಹೇಳಪ್ಪ" ಅನ್ನುತ್ತಿದ್ದರು. ಎರಡು ದಿನ ನೋಡಿ ಅಂತೋನಿ ಶೇಷಾದ್ರಿಯನ್ನು ಕೇಳಿದನಂತೆ: "ಅಮ್ಮನಿಗೂ ಅವರಿಗೂ ಏನು, ಕೋರ್ಟಿನಲ್ಲಿ ಕೇಸಾ?"

ರಸ್ತೆಗಳ ಬಗ್ಗೆ ಹೇಳಬೇಕಲ್ಲ. ಒಂದು ಗಾಡಿ ಹೋಗುವಷ್ಟು ಅಗಲ. ಎರಡು ಕಡೆ ಬೇಲಿ, ಬೇಲಿ ಆಚೆ ದನ. ಏರು, ಇಳಿಜಾರು, ಮತ್ತೆ ಏರು. ಒಂದು ಗಂಟೆಗೆ ಒಂದು ಟ್ರ್ಯಾಕ್ಟರು ಬಂದರೆ ಹೆಚ್ಚು. ಅವರಿಬ್ಬರಿಗೂ ಆ ಮೌನ ಅಂದರೆ ಪ್ರಾಣ. "ಮಾಮಿ, ಒಂದು ಹಾರನ್ನೂ ಇಲ್ಲ, ಸ್ವರ್ಗ!" ಅನ್ನುತ್ತಿದ್ದ ಶೇಷಾದ್ರಿ. ನನಗೆ ಅದು ಹಿಡಿಸಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಎಡವಿದರೆ ನಾಲ್ಕು ಜನ ಸೇರುತ್ತಾರೆ, ಹೂವಿನವಳು ಸೋಡಾ ತರುತ್ತಾಳೆ, ಆಟೋದವನು ತಪ್ಪು ಯಾರದ್ದು ಅಂತ ತೀರ್ಪು ಕೊಡುತ್ತಾನೆ. ಇಲ್ಲಿ ಬಿದ್ದರೆ ದನ ನೋಡುತ್ತದೆ, ಅಷ್ಟೇ. ಪ್ರತಿ ತಿರುವಿಗೂ ಡಬ್ಬಿ ಅವುಚಿ ಹಿಡಿಯುತ್ತಿದ್ದೆ. ಸೊಂಟ ಹಿಡಿದಿತ್ತು. ಸಂಜೆ ಮನೆಗೆ ಬಂದು ಮತ್ತೆ ಅನ್ನ, ಮತ್ತೆ ಸಾರು. ಪ್ರಪಂಚದ ಯಾವ ಮೂಲೆಗೆ ಹೋದರೂ ಪಾತ್ರೆ ತೊಳೆಯುವುದು ಒಂದೇ ತರಹ.

ಐದನೇ ದಿನ ಬೆಳಿಗ್ಗೆ ಪಟದ ಗುಡ್ಡ. ಹಿಂದಿನ ಸಂಜೆ ನಾನು ಕ್ಯಾಲೆಂಡರ್ ನೋಡಿದೆ. ಮೇಲಿನ ಹಾಳೆ ಎತ್ತಿದರೆ ಮರುದಿನದ ಹಾಳೆಯಲ್ಲಿ ಆ ಆಕಾರ ಕಂಡಿತು, ಏಕಾದಶಿ.

"ಅಂತೋನಿ, ನಾಳೆ ಏಕಾದಶಿ. ಒಲೆ ಹಚ್ಚಲ್ಲ ಅಂತ ಹೇಳು."

ಅಂತೋನಿ ಹೇಳಿದ. ಅಳಿಯ ಫೋನ್ ತೆಗೆದು ಏನೋ ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಆಮೇಲೆ, "ಆಗಲಿ ಅಂತ ಹೇಳು" ಅಂದರು.

"ಮಾಮಿ, ನನಗೂ ಇಲ್ವಾ?" ಶೇಷಾದ್ರಿ ಬಾಯಿ ಬಡಿದುಕೊಂಡ. "ನಾನು ಹನ್ನೊಂದು ಕಿಲೋಮೀಟರ್ ಏರು ಹತ್ತಬೇಕು!"

"ನೀನು ಬ್ರೆಡ್ಡು ತಿನ್ನು. ನಿನಗೆ ಎಲ್ಲಾ ನಡೆಯತ್ತೆ."

ಬೆಳಿಗ್ಗೆ ಶೇಷಾದ್ರಿ ಬ್ರೆಡ್ಡಿಗೆ ಜಾಮ್ ಹಚ್ಚಿ ತಿಂದ. ಅಳಿಯ ಅಭ್ಯಾಸದ ಹಾಗೆ ಮಾತ್ರೆ ನುಂಗಿ ಸೈಕಲ್ ಹತ್ತಿದರು. ನಾನು ನೋಡಿದೆ. ನೋಡಿಯೂ ನೋಡಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬೇರೆ. ಇಷ್ಟು ದೂರ ಬಂದರೂ ನಮ್ಮ ಅಳಿಯಂದಿರು ಏಕಾದಶಿ ಬಿಡಲಿಲ್ಲ ಅಂತ ಮಠದಲ್ಲಿ ಹೇಗೆ ಹೇಳಬೇಕು ಅಂತ ಮಾತು ಜೋಡಿಸುತ್ತಿದ್ದೆ.

ಅಂತೋನಿ ಮೊದಲೇ ವ್ಯಾನನ್ನು ಗುಡ್ಡದ ತುದಿಗೆ ತಂದು ನಿಲ್ಲಿಸಿದ. ಒಂದು ಗಂಟೆಯ ಮೇಲೆ ಶೇಷಾದ್ರಿ ಬಂದ, ಕುಕ್ಕರಿನ ಹಾಗೆ ಉಸಿರು ಬಿಡುತ್ತಾ. "ಗುರು ಹಿಂದೆ ಬರ್ತಿದ್ದಾನೆ ಮಾಮಿ, ಕೊನೇ ಮೂರು ತಿರುವು ಅಷ್ಟೇ" ಅಂದ. ಕಾದೆವು. ಶೇಷಾದ್ರಿಯ ಬೆವರು ಆರಿತು. ಅವನು ಗುನುಗುತ್ತಿದ್ದ ಹಾಡೂ ನಿಂತಿತು. ಯಾರೂ ಬರಲಿಲ್ಲ. ಫೋನ್ ಹೊಡೆದರೆ ಎತ್ತಲಿಲ್ಲ. "ಅಂತೋನಿ, ಇಳಿಸು ವ್ಯಾನು" ಅಂದೆ. ಅವನು ಅಷ್ಟರಲ್ಲೇ ಚಾವಿ ತಿರುಗಿಸಿದ್ದ. ಗುರು ಬೇರೆ ದಾರಿಯಲ್ಲಿ ಬಂದರೆ ಇರಲಿ ಅಂತ ಶೇಷಾದ್ರಿ ತುದಿಯಲ್ಲೇ ಉಳಿದ.

ಮೂರನೇ ತಿರುವಿನಲ್ಲಿ ಸಿಕ್ಕರು. ಸೈಕಲ್ ಹುಲ್ಲಿನಲ್ಲಿ ಬಿದ್ದಿತ್ತು. ಅವರು ಬೇಲಿಗೆ ಒರಗಿ ಕೂತಿದ್ದರು. ಮುಖ ಸುಣ್ಣದ ಹಾಗೆ. ಅಂಗಿ ಹಿಂಡಿದರೆ ಬೆವರು. ಕೈ ಎರಡೂ ಗಡಗಡ ನಡುಗುತ್ತಿತ್ತು. ನಾನು ಮಂಡಿ ಊರಿ ಹತ್ತಿರ ಹೋದೆ. ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ನಾಲಿಗೆ ತೊದಲುತ್ತಿತ್ತು.

"ಲತಾ," ಅಂದರು, "ಬೇಗ ಎರಡು ಇಡ್ಲಿ ಕೊಡೇ. ಅಡುಗೆಮನೆ ಬಾಗಿಲು ಹಾಕಿಕೋ. ನಿಮ್ಮಮ್ಮ ಜಪಕ್ಕೆ ಕೂತಿದ್ದಾರೆ, ನೋಡಲ್ಲ."

ವ್ಯಾನಿನಲ್ಲಿ ಏನಿದೆ ನೋಡು ಅಂತ ಅಂತೋನಿಗೆ ಕೂಗಿದೆ. ಏನಿರುತ್ತದೆ? ಡಬ್ಬಿ ಕಟ್ಟದವಳು ನಾನೇ. ಅವನ ಮಾಂಸದ ಬ್ರೆಡ್ಡು ಒಂದಿತ್ತು, ಅವನು ಅರ್ಧ ಕುಡಿದಿಟ್ಟ ಕಿತ್ತಳೆ ಶರಬತ್ತಿನ ಬಾಟಲಿ ಇತ್ತು. "ಅಮ್ಮಾ, ಇದು ನಾನು ಬಾಯಿ ಇಟ್ಟದ್ದು" ಅಂದ. ಅವನಿಗೂ ನಮ್ಮ ವಿಷಯ ಅಷ್ಟು ಗೊತ್ತಾಗಿತ್ತು. "ಕೊಡೋ ಇಲ್ಲಿ!" ಅಂತ ಕಿತ್ತುಕೊಂಡೆ. ಒಂದು ಕೈಯಲ್ಲಿ ಅಳಿಯನ ತಲೆ ಹಿಡಿದೆ, ಇನ್ನೊಂದರಲ್ಲಿ ಬಾಟಲಿ ಬಾಯಿಗಿಟ್ಟೆ.

"ಕುಡೀರಿ. ಗುರುರಾಜ, ಕುಡೀರಿ. ಲತಾನೇ ಕೊಡ್ತಿರೋದು, ಕುಡೀರಿ."

ಕುಡಿದರು. ಅರ್ಧ ಗಲ್ಲದ ಮೇಲೆ ಹರಿಯಿತು, ಸೆರಗಿನಲ್ಲಿ ಒರೆಸಿದೆ. ಮತ್ತೆ ಕುಡಿಸಿದೆ. ಬೇಲಿ ಆಚೆ ಒಂದು ಹಸು ತಲೆ ಹಾಕಿ ನೋಡುತ್ತಾ ಮೆಲುಕು ಹಾಕುತ್ತಿತ್ತು. ಇವರು ಹೋದರೆ ಲತಾಗೆ ಏನು ಹೇಳಲಿ ಅನ್ನುವುದೊಂದೇ ನನ್ನ ತಲೆಯಲ್ಲಿ. ದೇವರನ್ನು ನೆನೆಯಲಿಲ್ಲ, ಸುಳ್ಳು ಯಾಕೆ ಬರೆಯಲಿ.

ಹತ್ತು ಹದಿನೈದು ನಿಮಿಷಕ್ಕೆ ಕೈ ನಡುಗುವುದು ನಿಂತಿತು. ಕಣ್ಣು ತಿಳಿಯಾಯಿತು. ನನ್ನ ಕೈ ತಲೆಯ ಮೇಲಿರುವುದು ಕಂಡದ್ದೇ ತಡ, ಎದ್ದು ನಿಲ್ಲಲು ನೋಡಿದರು, ಅಂಗಿ ಕೆಳಗೆ ಜಗ್ಗಿ ತೊಡೆ ಮುಚ್ಚಿಕೊಳ್ಳಲು ನೋಡಿದರು.

"ಕೂತ್ಕೊಳ್ಳಿ ಸುಮ್ಮನೆ" ಅಂದೆ.

ಅಂತೋನಿ ಹಿಂದಿನಿಂದ, "ಅವರಿಗೆ ನಾನು ಹೇಳಲಾ ಅಮ್ಮಾ, ಅಥವಾ ಈಗ ನೀವೇ ಹೇಳ್ತೀರಾ?" ಅಂದ. ಅವನಿಗೂ ಗಾಬರಿಯಾಗಿತ್ತು, ಬಾಯಿಗೆ ಬಂದದ್ದು ಅಂದುಬಿಟ್ಟ. ಅಳಿಯ ಸಣ್ಣಗೆ ನಕ್ಕರು. ನಾನು ನಗಲಿಲ್ಲ.

ವ್ಯಾನಿನಲ್ಲಿ ಕೂರಿಸಿಕೊಂಡು ತುದಿಗೆ ಹೋಗಿ ಶೇಷಾದ್ರಿಯನ್ನು ಹತ್ತಿಸಿಕೊಂಡೆವು. ಅವನಿಗೆ ಅಳುವೇ ಬಂದುಬಿಟ್ಟಿತ್ತು. "ಏಕಾದಶಿ ಕೆಟ್ಟಿತು, ಇರಲಿ, ಆ ಪಾಪ ನನಗೆ" ಅಂದೆ ನಾನು, ಯಾರಿಗೂ ಅಂತಲ್ಲ. ಶೇಷಾದ್ರಿ ಕಣ್ಣು ಒರೆಸಿಕೊಂಡು, "ಏಕಾದಶಿ ನಾಳೆ ಅಲ್ವಾ ಮಾಮಿ? ನನ್ನ ಹೆಂಡತಿ ಈಗಷ್ಟೇ ಫೋನಿನಲ್ಲಿ ಹೇಳಿದಳು, ನಾಳೆ ಅವಳಿಗೆ ಅಡುಗೆ ರಜಾ ಅಂತ" ಅಂದ.

ನಾನು ಬೆರಳು ಮಡಿಸಿ ಎಣಿಸಿದೆ. ಹೊರಡುವ ದಿನ ಮನೆಯಲ್ಲಿ ಸ್ನಾನ ಮಾಡಿ ಒಂದು ಹಾಳೆ ಹರಿದೆ. ವಿಮಾನದಲ್ಲಿ ನಿದ್ದೆ ಮಾಡಿದೆ, ಎದ್ದೆ, ಮತ್ತೆ ಬೆಳಕು ಕಂಡೆ. ಕಲ್ಲಿನ ಮನೆಗೆ ಬಂದದ್ದೇ ಇನ್ನೊಂದು ಹಾಳೆ ಹರಿದೆ. ಆದರೆ ಅಲ್ಲಿ ಇನ್ನೂ ಅದೇ ದಿನ. ಐದು ದಿನದಿಂದ ನಾನೊಬ್ಬಳೇ ನಾಳೆಯಲ್ಲಿ ಬದುಕುತ್ತಿದ್ದೆ.

ಅಳಿಯನ ಕಡೆ ತಿರುಗಿದೆ. ನೇರವಾಗಿ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

ಅವರು ಹೆಲ್ಮೆಟ್ಟಿನ ಪಟ್ಟಿ ತಿರುವುತ್ತಾ ಕೂತರು. "ನಿಮಗೆ ಹೇಗೆ ಹೇಳೋದು?" ಅಂದರು.

ಎಂಥ ಮಾತು ನೋಡಿ. ರೈಲಿಗೆ ಸಿಗ್ನಲ್ ಕೊಟ್ಟ ಮನುಷ್ಯ. ಅತ್ತೆಗೆ ತಾರೀಕು ತಪ್ಪು ಅಂತ ಹೇಳುವುದಕ್ಕಿಂತ ಹೊಟ್ಟೆಗಿಲ್ಲದೆ ಗುಡ್ಡ ಹತ್ತುವುದು ಅವರಿಗೆ ಸುಲಭವಾಗಿ ಕಂಡಿತ್ತು. ಆ ಸಿಟ್ಟು ಅವರ ಮೇಲಾ ನನ್ನ ಮೇಲಾ ಅಂತ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದವಳೇ ಅನ್ನಕ್ಕಿಟ್ಟೆ. ಅವರು ಉಂಡು ಮಲಗಿದ ಮೇಲೆ ಅಂತೋನಿಯ ಕೈಲಿ ಲತಾಗೆ ಫೋನ್ ಹಚ್ಚಿಸಿದೆ. ನಡೆದದ್ದನ್ನು ಹೇಳಿದೆ. ಅತ್ತಳು, ಬೈದಳು, ಮತ್ತೆ ಅತ್ತಳು. ಎಲ್ಲಾ ಮುಗಿದ ಮೇಲೆ ಕೇಳಿದೆ:

"ಏಕಾದಶಿ ದಿನ ಎಷ್ಟು ಇಡ್ಲಿ ಕೊಡ್ತಿದ್ದೆ?"

"ನಾಲ್ಕು."

"ಎಷ್ಟು ವರ್ಷದಿಂದ?"

"ಆರು."

"ಚಟ್ನಿ?"

"ಇರ್ತಿತ್ತು. ಒಗ್ಗರಣೆ ಹಾಕ್ತಿರಲಿಲ್ಲ, ನಿನಗೆ ವಾಸನೆ ಬರತ್ತೆ ಅಂತ."

ಆರು ವರ್ಷ. ಒಗ್ಗರಣೆ ಇಲ್ಲದ ಚಟ್ನಿ. ನಾನು ಅಲ್ಲೇ ಗೋಡೆಯಾಚೆ ಮಣಿ ತಿರುಗಿಸುತ್ತಾ ಕೂತಿದ್ದೆ, ಅವರು ಸ್ವಂತ ಮನೆಯಲ್ಲಿ ಕಳ್ಳರ ಹಾಗೆ ನಿಂತು ನುಂಗುತ್ತಿದ್ದರು. ನನ್ನ ಕೈಗೆ ಸಿಕ್ಕಿ ಬಿದ್ದಿದ್ದರೆ ನಾನು ಏನು ಅನ್ನುತ್ತಿದ್ದೆ ಅಂತ ಯೋಚಿಸಿದೆ. ಏನು ಅನ್ನುತ್ತಿದ್ದೆ ಅಂತ ನನಗೆ ಚೆನ್ನಾಗಿ ಗೊತ್ತು. ಫೋನ್ ಇಟ್ಟೆ. ಬಹಳ ಸುಸ್ತಾಗಿತ್ತು. ಆ ದಿನದ ಸುಸ್ತಲ್ಲ ಅದು.

ಸಂಜೆ ಅಳಿಯ ಎದ್ದು ಬಂದು ಬಾಗಿಲಲ್ಲಿ ನಿಂತರು, ಪಂಚೆ ಉಟ್ಟು. ಮರುದಿನ ಬಿಟ್ಟರೆ ಮತ್ತೆ ಗುಡ್ಡಕ್ಕೆ ದಿನವಿಲ್ಲ, ಅದರ ಮರುದಿನ ವಾಪಸು. ಶೇಷಾದ್ರಿ ಅಂಗಳದಲ್ಲಿ ಬಿದ್ದ ಸೈಕಲ್ಲಿನ ಚೈನು ಸರಿ ಮಾಡುತ್ತಿದ್ದ.

"ಅಂತೋನಿ," ಅಂತ ಶುರು ಮಾಡಿದರು ಅಳಿಯ. ಅಂತೋನಿ ಅಲ್ಲಿರಲಿಲ್ಲ. ಗಂಟಲು ಸರಿಮಾಡಿಕೊಂಡು ನನಗೇ ಹೇಳಿದರು: "ನಾಳೆ ನಿಜವಾದ ಏಕಾದಶಿ. ಗುಡ್ಡ ಬೇಡ. ಮನೆಯಲ್ಲೇ ಇರ್ತೀನಿ."

ನಾನು ತಲೆ ಎತ್ತದೆ ಪಾತ್ರೆ ಒರೆಸಿಡುತ್ತಾ ಇದ್ದೆ. ಅವರು ಅದನ್ನು ಒಪ್ಪಿಗೆ ಅಂದುಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದೆ. ತಣ್ಣೀರಲ್ಲಿ ಸ್ನಾನ ಮಾಡಿದೆ, ದೇವರಿಗೆ ಕೈ ಮುಗಿದೆ, ನನ್ನ ಉಪವಾಸದ ಸಂಕಲ್ಪ ಮಾಡಿಕೊಂಡೆ. ಆಮೇಲೆ ಒಲೆ ಹಚ್ಚಿ ರವೆ ಹುರಿದು, ಸಾಸಿವೆ, ಇಂಗು, ಕರಿಬೇವು ಹಾಕಿ ಇಡೀ ಮನೆಗೆ ಘಮ್ಮೆನ್ನುವ ಹಾಗೆ ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಿದೆ. ಅಳಿಯನನ್ನು ಹೆಸರು ಹಿಡಿದು ಎಬ್ಬಿಸಿ, ಚಡ್ಡಿ ಹಾಕಿಕೊಂಡು ಬನ್ನಿ ಅಂದು, ತಟ್ಟೆ ಮುಂದಿಟ್ಟು, ಅವರು ಎರಡನೇ ಸಲ ಹಾಕಿಸಿಕೊಂಡು ಮುಗಿಸುವವರೆಗೂ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ.